ಎಂಡೊಮೆಟ್ರಿಯೋಸಿಸ್ ಬಂದಿದೆ ಅಂದರೆ ಇಮ್ಯುನಿಟಿ ಕಡಿಮೆ ಅಂತಾನಾ?

ಗೂಡುಹಕ್ಕಿ
ಎಲ್ಲರಿಗೂ ನಮಸ್ಕಾರ. ಈಚೆಗೆ ನನಗೆ ಲ್ಯಾಪರೊಸ್ಕೊಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ಮಾಡುವ ಆಪರೇಶನ್) ಆಯಿತು. ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ ಅಂದರು. ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಗಂಟು) ಇತ್ತು, ಗರ್ಭಕೋಶದ ಹಿಂಭಾಗಕ್ಕೆ ಕರುಳು ಅಂಟಿಕೊಂಡಿತ್ತು. ಸ್ಟೇಜ್ ಮೂರು ಅಂದರು. ಈಗ ಡೈನೊಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ನಡೆಯುತ್ತಿದೆ.

ಬಯಾಪ್ಸಿ ರಿಪೋರ್ಟಿನಲ್ಲಿ ಒಂದು ಸಾಲು ಓದಿ ತಲೆ ಕೆಟ್ಟಿದೆ. ಗ್ರಂಥಿಗಳು, ಸ್ಟ್ರೋಮಾ (ಗ್ರಂಥಿಗಳ ಸುತ್ತಲಿನ ಅಂಗಾಂಶ), ಜೊತೆಗೆ ‘ಹೀಮೋಸಿಡೆರಿನ್ ತುಂಬಿದ ಮ್ಯಾಕ್ರೋಫೇಜ್‌ಗಳು’ ಕಂಡವು ಅಂತ ಬರೆದಿದ್ದಾರೆ. ಮ್ಯಾಕ್ರೋಫೇಜ್ ಅಂದರೆ ನಮ್ಮನ್ನು ಕಾಯುವ ಕೋಶ ಅಲ್ವಾ? ಅಲ್ಲೇ ಇದ್ದೂ ಈ ಕಾಯಿಲೆ ಬೆಳೆಯಲು ಹೇಗೆ ಬಿಟ್ಟವು?

ಮನೆಯಲ್ಲಿ ಚಿಕ್ಕಮ್ಮ ‘ಇಮ್ಯುನಿಟಿ ಕಡಿಮೆ ಆಗಿದ್ದಕ್ಕೇ ಬಂದಿದ್ದು, ಬೂಸ್ಟರ್ ಪುಡಿ ತಗೋ’ ಅಂತ ಹಠ ಹಿಡಿದಿದ್ದಾರೆ. ಆಫೀಸಿನ ಗೆಳತಿ ಇದು ಆಟೋಇಮ್ಯೂನ್ ಕಾಯಿಲೆ, ಇಮ್ಯುನಿಟಿ ಜಾಸ್ತಿ ಆಗಿದ್ದಕ್ಕೆ ಬಂದಿದ್ದು ಅನ್ನುತ್ತಾಳೆ. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯವೇ ಇಲ್ಲ. ಗೊತ್ತಿರುವವರು ಬಿಡಿಸಿ ಹೇಳಿ.

ಮಿಂಚುಳ್ಳಿ
ನನ್ನ ರಿಪೋರ್ಟಿನಲ್ಲೂ ಇದೇ ಸಾಲಿದೆ. ಯಾರೂ ಅರ್ಥ ಹೇಳಲಿಲ್ಲ. ನಾನೂ ಕಾಯುತ್ತೇನೆ.

ಲ್ಯಾಬ್‌ಕಿಟಕಿ
ಇಮ್ಯುನಾಲಜಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ, ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಆ ಸಾಲು. ಗರ್ಭಕೋಶದ ಹೊರಗೆ ಬೆಳೆದ ಒಳಪದರವೂ ಮುಟ್ಟಿನ ಸಮಯದಲ್ಲಿ ರಕ್ತ ಸುರಿಸುತ್ತದೆ. ಆ ರಕ್ತಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಮ್ಯಾಕ್ರೋಫೇಜ್‌ಗಳು ಬಂದು ಕೆಂಪು ರಕ್ತಕಣಗಳನ್ನು ನುಂಗುತ್ತವೆ. ಕಣ ಒಡೆದ ಮೇಲೆ ಉಳಿಯುವ ಕಬ್ಬಿಣ ಅವುಗಳೊಳಗೆ ಹೀಮೋಸಿಡೆರಿನ್ ರೂಪದಲ್ಲಿ ಸೇರಿಕೊಳ್ಳುತ್ತದೆ. ಸಾಮಾನ್ಯ ಬಣ್ಣ ಹಾಕಿದ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗುಂಡನೆಯ ಕೋಶದ ತುಂಬ ಚಿನ್ನದ ಛಾಯೆಯ ಕಂದು ಹರಳುಗಳು ಕಾಣುತ್ತವೆ. ಅದೇ ತುಂಡಿಗೆ ಕಬ್ಬಿಣ ತೋರಿಸುವ ಪ್ರಷ್ಯನ್ ಬ್ಲೂ ಬಣ್ಣ ಹಾಕಿದರೆ ಅಷ್ಟೂ ಕಡು ನೀಲಿಯಾಗುತ್ತವೆ. ಅಂದರೆ ನಿಮ್ಮ ರಿಪೋರ್ಟ್ ಹೇಳುತ್ತಿರುವುದು ಇಷ್ಟೇ: ಈ ಜಾಗದಲ್ಲಿ ಹಿಂದೆ ರಕ್ತಸ್ರಾವ ಆಗಿದೆ. ಇದು ಕ್ಯಾನ್ಸರ್ ಸೂಚನೆ ಅಲ್ಲ, ಹೆದರಬೇಡಿ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಮುಟ್ಟಿನ ರಕ್ತ ಸ್ವಲ್ಪ ಫಾಲೋಪಿಯನ್ ನಾಳದ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅಲ್ಲಿ ಒಳಪದರದ ಚೂರುಗಳು ಬೇರು ಬಿಡುತ್ತವೆ ಅಂತ ಸ್ಯಾಂಪ್ಸನ್ ಎಂಬ ವೈದ್ಯರು 1927ರಲ್ಲಿ ವಿವರಿಸಿದರು. ಆದರೆ ಹಿಂದಕ್ಕೆ ಹರಿಯುವುದು ಶೇಕಡ 90ರವರೆಗೆ ಹೆಂಗಸರಲ್ಲಿ ಕಂಡಿದೆ. ಕಾಯಿಲೆ ಬರುವುದು ಸುಮಾರು ಶೇಕಡ 10 ಜನಕ್ಕೆ. ಉಳಿದವರಲ್ಲಿ ಆ ಚೂರುಗಳು ಎಲ್ಲಿ ಹೋಗುತ್ತವೆ? ರೋಗನಿರೋಧಕ ಕೋಶಗಳು ತೆಗೆದುಹಾಕುತ್ತವೆ ಅನ್ನುವುದು ಈಗಿನ ತಿಳಿವಳಿಕೆ.

ಕಾಯಿಲೆ ಇರುವವರ ಹೊಟ್ಟೆಯೊಳಗಿನ ದ್ರವದಲ್ಲಿ ಮ್ಯಾಕ್ರೋಫೇಜ್‌ಗಳು ಕಡಿಮೆ ಇರುವುದಿಲ್ಲ, ಜಾಸ್ತಿಯೇ ಇರುತ್ತವೆ. ಆದರೆ ನುಂಗುವ ಶಕ್ತಿ ಕುಗ್ಗಿರುತ್ತದೆ. ನುಂಗಲು ಬೇಕಾದ ಸಿಡಿ36 ಎಂಬ ಪ್ರೋಟೀನ್ ಅವುಗಳ ಮೈಮೇಲೆ ಕಡಿಮೆ. ಅದರ ಬದಲು ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್‌ನಂತಹ ವಸ್ತುಗಳನ್ನು ಸುರಿಸುತ್ತವೆ. ಕಸ ತೆಗೆಯಲು ಬಂದ ಆಳು ಆ ಕಸಕ್ಕೇ ನೀರು ಗೊಬ್ಬರ ಹಾಕಿದ ಹಾಗೆ. ಇದನ್ನು ‘ಕಡಿಮೆ’ ಅಂತಲೂ ಹೇಳಲಾಗದು, ‘ಜಾಸ್ತಿ’ ಅಂತಲೂ ಹೇಳಲಾಗದು. ದಿಕ್ಕು ತಪ್ಪಿದೆ ಅಷ್ಟೇ.

ನೇರಮಾತು
ಸ್ಯಾಂಪ್ಸನ್ ಕಥೆ ಇನ್ನೂ ಎಷ್ಟು ವರ್ಷ ಹೇಳುತ್ತೀರಿ? ಮುಟ್ಟೇ ಶುರುವಾಗದ ಹುಡುಗಿಯರಲ್ಲಿ ಈ ಕಾಯಿಲೆ ಕಂಡಿದೆ. ಪ್ರೊಸ್ಟೇಟ್ ಕ್ಯಾನ್ಸರಿಗೆ ಈಸ್ಟ್ರೋಜನ್ ತಗೊಂಡ ಗಂಡಸರಲ್ಲಿ ಕಂಡಿದೆ. ಶ್ವಾಸಕೋಶದಲ್ಲಿ ಕಂಡಿದೆ. ಅಲ್ಲಿಗೆಲ್ಲ ಮುಟ್ಟಿನ ರಕ್ತ ಹಿಂದಕ್ಕೆ ಹರಿದು ಹೋಯಿತೇ? ಮೊದಲ ಹೆಜ್ಜೆಯೇ ಅನುಮಾನ ಇರುವಾಗ ಅದರ ಮೇಲೆ ಇಮ್ಯೂನ್ ಕೋಶಗಳ ಕಥೆ ಕಟ್ಟುವುದು ಸರಿಯಲ್ಲ.

ಲ್ಯಾಬ್‌ಕಿಟಕಿ
ನೀವು ಹೇಳಿದ ಉದಾಹರಣೆಗಳೆಲ್ಲ ನಿಜ. ಸ್ಯಾಂಪ್ಸನ್ ವಿವರಣೆ ಒಂದರಿಂದಲೇ ಎಲ್ಲವೂ ಬಗೆಹರಿಯುತ್ತದೆ ಅಂತ ಈಗ ಯಾರೂ ವಾದಿಸುವುದಿಲ್ಲ. ಹೊಟ್ಟೆಯ ಒಳಪೊರೆಯ ಕೋಶಗಳೇ ರೂಪ ಬದಲಿಸಬಹುದು, ರಕ್ತ ಅಥವಾ ದುಗ್ಧರಸದ ಮೂಲಕ ಹರಡಬಹುದು, ಹುಟ್ಟುವ ಮೊದಲೇ ಉಳಿದ ಕೋಶಗಳಿರಬಹುದು ಎಂಬ ವಾದಗಳಿವೆ.

ಆದರೆ ಅಂಗಾಂಶ ಅಲ್ಲಿಗೆ ಯಾವ ದಾರಿಯಿಂದಲಾದರೂ ಬರಲಿ, ಉಳಿಯಬೇಕಲ್ಲ? ಸಾಯದೆ ತಪ್ಪಿಸಿಕೊಳ್ಳಬೇಕು, ರಕ್ತ ಪೂರೈಕೆ ಸಿಗಬೇಕು. ಅದೆರಡೂ ರೋಗನಿರೋಧಕ ಕೋಶಗಳ ಕೈಯಲ್ಲೇ ಇದೆ. 1991ರಲ್ಲಿ ಬೆಲ್ಜಿಯಂನ ಸಂಶೋಧಕರು ಎಂಡೊಮೆಟ್ರಿಯೋಸಿಸ್ ಇರುವ ಹೆಂಗಸರ ಎನ್‌ಕೆ ಕೋಶಗಳನ್ನು (ನ್ಯಾಚುರಲ್ ಕಿಲ್ಲರ್, ಬೇಡದ ಕೋಶಗಳನ್ನು ಕೊಲ್ಲುವ ರೋಗನಿರೋಧಕ ಕೋಶ) ಅವರದೇ ಗರ್ಭಕೋಶದ ಒಳಪದರದ ಕೋಶಗಳ ಜೊತೆ ಇಟ್ಟು ನೋಡಿದರು. ಕೊಲ್ಲುವ ಸಾಮರ್ಥ್ಯ ಕಡಿಮೆ ಇತ್ತು. ಆಮೇಲೆ ಬೇರೆ ತಂಡಗಳೂ ಇದನ್ನು ಕಂಡಿವೆ. ಆ ಕೋಶಗಳನ್ನು ತಡೆಯುವ ರಿಸೆಪ್ಟರ್‌ಗಳು (ಕೋಶದ ಮೈಮೇಲೆ ಸಂಕೇತ ಹಿಡಿಯುವ ಪ್ರೋಟೀನ್‌ಗಳು) ಜಾಸ್ತಿ ಇರುತ್ತವೆ, ಸುತ್ತಲಿನ ದ್ರವದಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಕೂಡ ಜಾಸ್ತಿ. ಅದು ಎನ್‌ಕೆ ಕೋಶದ ಕೈ ಕಟ್ಟಿಹಾಕುತ್ತದೆ.

ಓದುಗೂಸು
ಹಾಗಾದರೆ ಎನ್‌ಕೆ ಕೋಶಗಳನ್ನು ಚುರುಕು ಮಾಡಿದರೆ ಆಯಿತಲ್ಲ? ಚಿಕ್ಕಮ್ಮನ ಬೂಸ್ಟರ್ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ ಅಂತ ಆಗಲಿಲ್ಲವೇ?

ಸ್ಟೆತಸ್ಕೋಪ್
ಸ್ತ್ರೀರೋಗ ವೈದ್ಯೆ ನಾನು. ದಯವಿಟ್ಟು ಹಾಗೆ ಅರ್ಥ ಮಾಡಿಕೊಳ್ಳಬೇಡಿ.

ಈ ಕಾಯಿಲೆಯಲ್ಲಿ ಹೊಟ್ಟೆಯೊಳಗಿನ ದ್ರವ ಉರಿಯೂತದ ವಸ್ತುಗಳಿಂದ ತುಂಬಿರುತ್ತದೆ. ಐಎಲ್-6, ಐಎಲ್-8, ಟಿಎನ್‌ಎಫ್-ಆಲ್ಫಾ ಎಲ್ಲವೂ ಏರಿರುತ್ತವೆ. ಒಂದು ಬಗೆಯ ಕೋಶ ಸುಸ್ತಾಗಿದ್ದರೆ ಇನ್ನೊಂದು ಬಗೆಯದು ಅತಿಯಾಗಿ ಕೆರಳಿರುತ್ತದೆ. ‘ಇಮ್ಯುನಿಟಿ’ ಅನ್ನುವುದು ಒಂದೇ ಗುಂಡಿ ತಿರುಗಿಸಿ ಏರಿಸುವ ವಸ್ತುವಲ್ಲ. ಯಾವುದನ್ನು ಏರಿಸುತ್ತೀರಿ? ಬೂಸ್ಟರ್ ಪುಡಿಯಿಂದ ಎಂಡೊಮೆಟ್ರಿಯೋಸಿಸ್ ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ಇಮ್ಯುನಿಟಿಯ ಒಂದು ಭಾಗವನ್ನು ತಗ್ಗಿಸಿ ನೋಡಿದ್ದೂ ಆಗಿದೆ. ಸಂಧಿವಾತಕ್ಕೆ ಚೆನ್ನಾಗಿ ಕೆಲಸ ಮಾಡುವ ಇನ್‌ಫ್ಲಿಕ್ಸಿಮ್ಯಾಬ್ ಟಿಎನ್‌ಎಫ್-ಆಲ್ಫಾವನ್ನು ತಡೆಯುತ್ತದೆ. ಆಳಕ್ಕಿಳಿದ ಎಂಡೊಮೆಟ್ರಿಯೋಸಿಸ್ ಇರುವ ಹೆಂಗಸರಿಗೆ ಅದನ್ನು ಕೊಟ್ಟು, ಔಷಧಿ ಅಂಶವೇ ಇಲ್ಲದ ಪ್ಲಸೀಬೊ ಜೊತೆ ಹೋಲಿಸಿದ ಅಧ್ಯಯನ 2008ರಲ್ಲಿ ಬಂತು. ನೋವಿನಲ್ಲಿ ವ್ಯತ್ಯಾಸವೇ ಆಗಲಿಲ್ಲ. ಕಾಗದದ ಮೇಲೆ ಎಷ್ಟು ಸರಿ ಕಾಣುತ್ತಿತ್ತು!

ನಿದ್ದೆಗಣ್ಣು
ಈ ಬೂಸ್ಟರ್ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನನ್ನ ನಾದಿನಿಗೆ ಯಾರೋ ಮಾರುವವರು ‘ಹಾರ್ಮೋನ್ ಮಾತ್ರೆ ಬಿಟ್ಟರೇನೇ ಇದು ಹಿಡಿಯೋದು’ ಅಂತ ನಂಬಿಸಿದರು. ಮಾತ್ರೆ ನಿಲ್ಲಿಸಿದಳು. ನೋವು ವಾಪಸ್ ಬಂದಾಗ ‘ಅದು ಒಳಗಿನ ವಿಷ ಹೊರಗೆ ಹೋಗುತ್ತಿರುವ ಲಕ್ಷಣ, ಇನ್ನೊಂದು ಡಬ್ಬಿ ತಗೊಳ್ಳಿ’ ಅಂದರು. ಬಾತ್‌ರೂಮಿನ ನೆಲದ ಮೇಲೆ ಮಂಡಿ ಎದೆಗೆ ಒತ್ತಿಕೊಂಡು ಮಲಗಿದ್ದಳು, ಎಬ್ಬಿಸಲು ಹೋದರೆ ಮುಟ್ಟಬೇಡಿ ಅಂದಳು. ಆ ಡಬ್ಬಿಗಳನ್ನು ನಾನೇ ಎಸೆದೆ.

ಗೂಡುಹಕ್ಕಿ
ಅಯ್ಯೋ ಪಾಪ. ಈಗ ಹೇಗಿದ್ದಾರೆ?

ನಿದ್ದೆಗಣ್ಣು
ಮತ್ತೆ ಮಾತ್ರೆ ಶುರು ಮಾಡಿದ್ದಾಳೆ. ಮೊದಲಿಗಿಂತ ವಾಸಿ.

ಜೊತೆಗಾರ
ನನ್ನ ಹೆಂಡತಿಗೆ ಸ್ಟೇಜ್ ಒಂದು ಅಂತ ಹೇಳಿದ್ದಾರೆ. ಆದರೆ ನೋವು ನೋಡಲಾಗದು. ಅವಳ ಅಕ್ಕನಿಗೆ ಸ್ಟೇಜ್ ನಾಲ್ಕು, ಮಕ್ಕಳಾಗದ ತಪಾಸಣೆಗೆ ಹೋದಾಗಷ್ಟೇ ಗೊತ್ತಾಗಿದ್ದು, ನೋವೇ ಇರಲಿಲ್ಲ. ‘ಇಷ್ಟು ಚಿಕ್ಕದಕ್ಕೆ ಇಷ್ಟೊಂದು ನೋವೇ’ ಅಂತ ಮನೆಯವರು ಮಾತ್ರ ಅಲ್ಲ, ಒಬ್ಬ ವೈದ್ಯರೂ ಅಂದರು. ಅವಳು ಅವತ್ತು ಮನೆಗೆ ಬಂದು ಯಾರ ಜೊತೆಯೂ ಮಾತಾಡಲಿಲ್ಲ. ಇದಕ್ಕೂ ಇಮ್ಯೂನ್ ಕೋಶಗಳಿಗೂ ಸಂಬಂಧ ಇದೆಯೇ?

ಲ್ಯಾಬ್‌ಕಿಟಕಿ
ಇದೆ ಸರ್. ನನಗೆ ಈ ವಿಷಯದಲ್ಲಿ ಬಹಳ ಮುಖ್ಯ ಅನಿಸುವುದೇ ಇದು.

ಸ್ಟೇಜ್ ಲೆಕ್ಕ ಹಾಕುವುದು ಗಾಯ (ಹೊರಗೆ ಬೆಳೆದ ಒಳಪದರದ ತುಂಡನ್ನು ಹೀಗೆ ಕರೆಯುತ್ತಿದ್ದೇನೆ) ಎಷ್ಟು ದೊಡ್ಡದು, ಎಷ್ಟು ಆಳ, ಎಷ್ಟು ಅಂಟಿಕೊಂಡಿದೆ ಅಂತ ಕಣ್ಣಿಗೆ ಕಂಡದ್ದರ ಮೇಲೆ. ನೋವಿನ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಈ ಗಾಯಗಳ ಸುತ್ತ ಹೊಸ ನರದ ಎಳೆಗಳು ಬೆಳೆಯುತ್ತವೆ. ಎಡಿನ್‌ಬರೊದ ತಂಡ ತೋರಿಸಿದ್ದೇನೆಂದರೆ, ಈಸ್ಟ್ರೋಜನ್ ತಗುಲಿದ ನರಗಳು ಮ್ಯಾಕ್ರೋಫೇಜ್‌ಗಳನ್ನು ಕರೆಯುವ ವಸ್ತುಗಳನ್ನು ಬಿಡುತ್ತವೆ. ಬಂದ ಮ್ಯಾಕ್ರೋಫೇಜ್‌ಗಳು ನರ ಬೆಳೆಸುವ ವಸ್ತುಗಳನ್ನು ಬಿಡುತ್ತವೆ. ಬೆಳೆದ ನರ ಮತ್ತಷ್ಟು ಮ್ಯಾಕ್ರೋಫೇಜ್‌ಗಳನ್ನು ಕರೆಯುತ್ತದೆ. ಒಂದನ್ನೊಂದು ಸಾಕುತ್ತವೆ. 2019ರಲ್ಲಿ ಅದೇ ತಂಡ ಐಜಿಎಫ್-1 ಎಂಬ ವಸ್ತುವನ್ನು ಹಿಡಿದು ತೋರಿಸಿತು. ಮ್ಯಾಕ್ರೋಫೇಜ್ ಬಿಡುವ ಈ ವಸ್ತು ನರ ಬೆಳೆಸುತ್ತದೆ, ನರವನ್ನು ಸೂಕ್ಷ್ಮವೂ ಮಾಡುತ್ತದೆ. ಇಲಿಗಳಲ್ಲಿ ಅದರ ರಿಸೆಪ್ಟರನ್ನು ತಡೆದಾಗ ನೋವಿನ ವರ್ತನೆ ಕಡಿಮೆಯಾಯಿತು.

ಮಾಸ್ಟ್ ಕೋಶ ಅಂತ ಇನ್ನೊಂದು ಬಗೆ ಇದೆ, ಅಲರ್ಜಿಯಲ್ಲಿ ಹಿಸ್ಟಮಿನ್ ಬಿಡುವುದು ಅದೇ. ಆಳಕ್ಕಿಳಿದ ಗಾಯಗಳಲ್ಲಿ ಅವು ನರಗಳ ಪಕ್ಕದಲ್ಲೇ, ಒಳಗಿನ ಕಣಗಳನ್ನು ಹೊರಗೆ ಚೆಲ್ಲಿದ ಸ್ಥಿತಿಯಲ್ಲಿ ಸಿಗುತ್ತವೆ. ಹೀಗಿರುವಾಗ ಅಂಗೈಯಗಲದ ಗಾಯ ಸುಮ್ಮನಿರಬಹುದು, ಸಾಸಿವೆಯಷ್ಟು ಗಾಯ ನೆಲ ಹಿಡಿಸಬಹುದು. ನಿಮ್ಮ ಹೆಂಡತಿ ನಟಿಸುತ್ತಿಲ್ಲ. ಇದನ್ನು ಅವರಿಗೆ ಓದಿ ಹೇಳಿ.

ಸ್ಟೆತಸ್ಕೋಪ್
ಇದಕ್ಕೊಂದು ಸೇರಿಸುತ್ತೇನೆ. ವರ್ಷಗಟ್ಟಲೆ ನೋವು ಉಂಡರೆ ಬೆನ್ನುಹುರಿ, ಮಿದುಳಿನಲ್ಲೂ ನೋವಿನ ದಾರಿಗಳು ಸೂಕ್ಷ್ಮವಾಗುತ್ತವೆ. ಆಗ ಗಾಯ ತೆಗೆದರೂ ನೋವು ಪೂರ್ತಿ ಹೋಗದಿರಬಹುದು. ಅದಕ್ಕೇ ಬೇಗ ಗುರುತಿಸಬೇಕು ಅಂತ ಒತ್ತಿ ಹೇಳುವುದು. ಲ್ಯಾಪರೊಸ್ಕೊಪಿ ಆದರೆ ಮಾತ್ರ ಚಿಕಿತ್ಸೆ ಶುರು ಅಂತ ಈಗ ಇಲ್ಲ. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಸ್ಥೆಯಾದ ಎಶ್ರೆಯ 2022ರ ಮಾರ್ಗಸೂಚಿ ಪ್ರಕಾರ ಲಕ್ಷಣ ಮತ್ತು ಸ್ಕ್ಯಾನಿಂಗ್ ನೋಡಿಯೇ ಔಷಧಿ ಶುರು ಮಾಡಬಹುದು. ಸ್ಕ್ಯಾನ್ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲೂ ಅಲ್ಲ.

ಜೊತೆಗಾರ
ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು. ತುಂಬ ಥ್ಯಾಂಕ್ಸ್ ಇಬ್ಬರಿಗೂ.

ಹಸಿರೆಲೆ
ಮಾಸ್ಟ್ ಕೋಶದ ಮಾತು ಬಂತಲ್ಲ, ನನಗೆ ಮುಟ್ಟಿನ ಮುಂಚೆ ಸೀನು, ಮೈ ತುರಿಕೆ ಜಾಸ್ತಿಯಾಗುತ್ತದೆ. ಅಲರ್ಜಿ ಮಾತ್ರೆ ನುಂಗಿದರೆ ಹೊಟ್ಟೆನೋವೂ ಕಡಿಮೆಯಾದ ಹಾಗೆ ಅನಿಸುತ್ತದೆ. ಬೇರೆ ಯಾರಿಗಾದರೂ ಹೀಗೆ?

ಮಿಂಚುಳ್ಳಿ
ತುರಿಕೆ ನನಗೂ ಇದೆ. ಅಲರ್ಜಿ ಮಾತ್ರೆಯಿಂದ ನಿದ್ದೆ ಬರುತ್ತದೆ, ನೋವು ಹಾಗೇ ಇರುತ್ತದೆ.

ಸ್ಟೆತಸ್ಕೋಪ್
ಹಸಿರೆಲೆ, ಅಲರ್ಜಿಗೆ ಬೇಕಿದ್ದರೆ ತಗೊಳ್ಳಿ. ಎಂಡೊಮೆಟ್ರಿಯೋಸಿಸ್ ನೋವಿಗೆ ಅದು ಒಪ್ಪಿತ ಚಿಕಿತ್ಸೆ ಅಲ್ಲ. ನಿಮ್ಮ ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ.

ಓದುಗೂಸು
ನನಗೆ ಒಂದು ಗೊಂದಲ. ಇದು ಹಾರ್ಮೋನ್ ಕಾಯಿಲೆ ಅಂತ ಹಾರ್ಮೋನ್ ಮಾತ್ರೆ ಕೊಡುತ್ತಾರೆ. ಇಲ್ಲಿ ಎಲ್ಲರೂ ಇಮ್ಯೂನ್ ಕೋಶ ಅನ್ನುತ್ತಿದ್ದೀರಿ. ಯಾವುದು?

ಲ್ಯಾಬ್‌ಕಿಟಕಿ
ಬೇರೆ ಬೇರೆ ಮಾಡಲು ಆಗುವುದಿಲ್ಲ. ಉರಿಯೂತ ಇದ್ದಲ್ಲಿ ಪ್ರೊಸ್ಟಗ್ಲ್ಯಾಂಡಿನ್ ಇ2 ಎಂಬ ಉರಿಯೂತದ ವಸ್ತು ಜಾಸ್ತಿ ತಯಾರಾಗುತ್ತದೆ. ಅದು ಗಾಯದ ಕೋಶಗಳಲ್ಲಿ ಅರೋಮಟೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅರೋಮಟೇಸ್ ಅಲ್ಲೇ ಈಸ್ಟ್ರೋಜನ್ ಮಾಡುತ್ತದೆ. ಈಸ್ಟ್ರೋಜನ್ ಮತ್ತೆ ಪ್ರೊಸ್ಟಗ್ಲ್ಯಾಂಡಿನ್ ಹೆಚ್ಚಿಸುತ್ತದೆ. ಅಂದರೆ ಅಂಡಾಶಯ ಕೊಡುವುದಲ್ಲದೆ ಗಾಯ ತನಗೆ ಬೇಕಾದ ಈಸ್ಟ್ರೋಜನನ್ನು ತಾನೇ ಮಾಡಿಕೊಳ್ಳುತ್ತದೆ. ಉರಿಯೂತವನ್ನು ತಣಿಸಬೇಕಾದ ಪ್ರೊಜೆಸ್ಟರಾನ್‌ಗೆ ಈ ಕೋಶಗಳು ಸರಿಯಾಗಿ ಕಿವಿಗೊಡುವುದಿಲ್ಲ. ಕೆಲವರಿಗೆ ಹಾರ್ಮೋನ್ ಮಾತ್ರೆ ಚೆನ್ನಾಗಿ ಹಿಡಿದು, ಕೆಲವರಿಗೆ ಹಿಡಿಯದಿರುವುದಕ್ಕೆ ಇದೂ ಒಂದು ಕಾರಣ.

ನೇರಮಾತು
ಹಾಗಾದರೆ ನೇರವಾಗಿ ಆಟೋಇಮ್ಯೂನ್ ಅಂತ ಒಪ್ಪಿಕೊಳ್ಳಿ. ನನಗೆ ಎಂಡೊಮೆಟ್ರಿಯೋಸಿಸ್ ಜೊತೆ ಥೈರಾಯ್ಡ್ ಆಂಟಿಬಾಡಿ ಕೂಡ ಇದೆ. ನನ್ನ ಪರಿಚಯದ ಇಬ್ಬರಿಗೆ ಸಂಧಿವಾತ ಇದೆ. ಇದೆಲ್ಲ ಕಾಕತಾಳೀಯವೇ?

ಲ್ಯಾಬ್‌ಕಿಟಕಿ
ಕಾಕತಾಳೀಯ ಅಲ್ಲ. ರುಮಟಾಯ್ಡ್ ಸಂಧಿವಾತ, ಸೀಲಿಯಾಕ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇಂಥ ಆಟೋಇಮ್ಯೂನ್ ಕಾಯಿಲೆಗಳು ಈ ಹೆಂಗಸರಲ್ಲಿ ಸ್ವಲ್ಪ ಹೆಚ್ಚು ಕಾಣುತ್ತವೆ ಅಂತ ದೊಡ್ಡ ಅಧ್ಯಯನಗಳು ಹೇಳುತ್ತವೆ. ರಕ್ತದಲ್ಲಿ ತನ್ನದೇ ಅಂಗಾಂಶದ ವಿರುದ್ಧದ ಆಂಟಿಬಾಡಿಗಳೂ ಸಿಗುತ್ತವೆ. ಆದರೆ ಜೊತೆಗೆ ಬರುವುದು ಬೇರೆ, ಅದೇ ಆಗಿರುವುದು ಬೇರೆ. ಆಟೋಇಮ್ಯೂನ್ ಕಾಯಿಲೆಯಲ್ಲಿ ದೇಹದ ಸೈನ್ಯ ತನ್ನದೇ ಅಂಗವನ್ನು ಹಾಳು ಮಾಡುತ್ತದೆ. ಇಲ್ಲಿ ತಪ್ಪಾದ ಜಾಗದಲ್ಲಿರುವ ಅಂಗಾಂಶವನ್ನು ಹಾಳು ಮಾಡದೆ ಬಿಡುತ್ತಿದೆ, ಸಾಲದ್ದಕ್ಕೆ ಬೆಳೆಸುತ್ತಿದೆ. ತಡೆ ಹಾಕುವ ಟಿ-ರೆಗ್ ಕೋಶಗಳು ಹೊಟ್ಟೆಯ ದ್ರವದಲ್ಲಿ ಜಾಸ್ತಿ ಇರುವುದನ್ನು ಹಲವರು ಕಂಡಿದ್ದಾರೆ. ಸಾಮಾನ್ಯವಾಗಿ ಆಟೋಇಮ್ಯೂನ್ ಕಾಯಿಲೆಯಲ್ಲಿ ಟಿ-ರೆಗ್ ಕೆಲಸ ಸಾಲದೇ ಬಂದಿರುತ್ತದೆ.

ನೇರಮಾತು
ಈ ವ್ಯತ್ಯಾಸ ಒಪ್ಪುವಂಥದ್ದು. ಆದರೂ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಯಾರೂ ನನಗೆ ಹೇಳಲಿಲ್ಲ, ನಾನೇ ಕೇಳಿ ಮಾಡಿಸಿದೆ. ಅದರ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಸ್ಟೆತಸ್ಕೋಪ್
ಆ ತಕರಾರು ನ್ಯಾಯವೇ. ವಿಪರೀತ ಸುಸ್ತು, ಕೂದಲು ಉದುರುವುದು, ಕೀಲು ಬೆಳಿಗ್ಗೆ ಬಿಗಿಯಾಗುವುದು ಇದ್ದರೆ ‘ಎಲ್ಲಾ ಎಂಡೊನೇ’ ಅಂತ ತಳ್ಳಿಹಾಕಬಾರದು.

ಬೆಳದಿಂಗಳು
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾವು ಐವಿಎಫ್ ತಯಾರಿಯಲ್ಲಿದ್ದೇವೆ. ನನಗೂ ಎಂಡೊಮೆಟ್ರಿಯೋಸಿಸ್ ಇದೆ. ಕ್ಲಿನಿಕ್‌ನವರು ರಕ್ತದ ಎನ್‌ಕೆ ಕೋಶ ಪರೀಕ್ಷೆ ಮಾಡಿಸಿ, ಜಾಸ್ತಿ ಇದೆ, ಅವು ಭ್ರೂಣವನ್ನು ಕೊಲ್ಲುತ್ತವೆ, ಇಂಟ್ರಾಲಿಪಿಡ್ (ಕೊಬ್ಬಿನ ದ್ರವ) ಡ್ರಿಪ್ ಹಾಕಬೇಕು ಅಂದರು. ಇಲ್ಲಿ ನೋಡಿದರೆ ಎನ್‌ಕೆ ಸೋಮಾರಿಯಾಗಿವೆ ಅನ್ನುತ್ತಿದ್ದೀರಿ. ಭಯ ಆಗುತ್ತಿದೆ.

ಲ್ಯಾಬ್‌ಕಿಟಕಿ
ಭಯ ಬೇಡ. ರಕ್ತದ ಎನ್‌ಕೆ ಕೋಶಗಳು ಬೇರೆ, ಗರ್ಭಕೋಶದ ಎನ್‌ಕೆ ಕೋಶಗಳು ಬೇರೆ. ಗರ್ಭಕೋಶದವು ಕೊಲ್ಲುವುದರಲ್ಲಿ ಅಷ್ಟು ಮುಂದಿಲ್ಲ. ಗರ್ಭ ನಿಂತ ಆರಂಭದಲ್ಲಿ ಅಲ್ಲಿನ ರಕ್ತನಾಳಗಳನ್ನು ಅಗಲ ಮಾಡಲು ಅವು ಬೇಕು. ತೋಳಿನ ರಕ್ತ ತೆಗೆದು ಎಣಿಸಿದರೆ ಗರ್ಭಕೋಶದೊಳಗೆ ಏನು ನಡೆಯುತ್ತಿದೆ ಅಂತ ತಿಳಿಯದು.

ಸ್ಟೆತಸ್ಕೋಪ್
ಎಶ್ರೆ 2023ರಲ್ಲಿ ಐವಿಎಫ್‌ನ ಹೆಚ್ಚುವರಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಟ್ಟಿದೆ. ರಕ್ತದ ಎನ್‌ಕೆ ಪರೀಕ್ಷೆ, ಇಂಟ್ರಾಲಿಪಿಡ್ ಎರಡನ್ನೂ ಶಿಫಾರಸು ಮಾಡಿಲ್ಲ. ಹಣ ಕಟ್ಟುವ ಮೊದಲು ‘ಇದರಿಂದ ಮಗುವಾಗುವ ಸಾಧ್ಯತೆ ಎಷ್ಟು ಹೆಚ್ಚುತ್ತದೆ, ಪುರಾವೆ ತೋರಿಸಿ’ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಬೆಳದಿಂಗಳು
ನಾಳೆಯೇ ಕೇಳುತ್ತೇನೆ ಮೇಡಂ.

ಹಸಿರೆಲೆ
ಬ್ಯಾಕ್ಟೀರಿಯಾದಿಂದ ಈ ಕಾಯಿಲೆ ಬರುತ್ತದೆ, ಆಂಟಿಬಯಾಟಿಕ್ ಸಾಕು ಅಂತ ಒಂದು ಕಡೆ ಓದಿದೆ. ನಿಜವೇ?

ಲ್ಯಾಬ್‌ಕಿಟಕಿ
ಅದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ 2023ರ ಕೆಲಸ. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಶೇಕಡ 64 ಜನರ ಗರ್ಭಕೋಶದ ಒಳಪದರದಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಇಲ್ಲದವರಲ್ಲಿ ಶೇಕಡ 10ಕ್ಕಿಂತ ಕಡಿಮೆ. ಇದರಲ್ಲೂ ಮ್ಯಾಕ್ರೋಫೇಜ್‌ಗಳೇ ಮಧ್ಯವರ್ತಿ. ಬ್ಯಾಕ್ಟೀರಿಯಾ ಸೇರಿದಾಗ ಅವು ಟಿಜಿಎಫ್-ಬೀಟಾ ಬಿಡುತ್ತವೆ, ಅದರಿಂದ ಅಲ್ಲಿನ ಫೈಬ್ರೋಬ್ಲಾಸ್ಟ್‌ಗಳು (ನಾರು ಅಂಗಾಂಶ ಮಾಡುವ ಕೋಶಗಳು) ಬದಲಾಗಿ ಅಂಟಿಕೊಳ್ಳುವ, ಚಲಿಸುವ ಗುಣ ಪಡೆಯುತ್ತವೆ. ಆಂಟಿಬಯಾಟಿಕ್‌ನಿಂದ ಗಾಯ ಕಡಿಮೆಯಾಗಿದ್ದು ಇಲಿಗಳಲ್ಲಿ. ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ.

ನೇರಮಾತು
ಎಲ್ಲದಕ್ಕೂ ಇಲಿ! ಇಲಿಗೆ ಮುಟ್ಟೇ ಆಗುವುದಿಲ್ಲ. ಮುಟ್ಟಾಗದ ಪ್ರಾಣಿಯಲ್ಲಿ ಮುಟ್ಟಿನ ಕಾಯಿಲೆ ಓದಿ ನಮಗೇನು ಉಪಯೋಗ?

ಲ್ಯಾಬ್‌ಕಿಟಕಿ
ಒಳ್ಳೆಯ ಪ್ರಶ್ನೆ. ಮುಟ್ಟಾಗುವುದು ಮನುಷ್ಯರು, ಕೆಲವು ಕೋತಿ ವಾನರಗಳು, ಕೆಲವು ಬಾವಲಿಗಳು, ಇನ್ನೊಂದೆರಡು ಪ್ರಾಣಿಗಳಿಗೆ ಮಾತ್ರ. ಲ್ಯಾಬಿನ ಇಲಿಗೆ ಹಾರ್ಮೋನ್ ಕೊಟ್ಟು ಮುಟ್ಟಿನಂಥ ಸ್ಥಿತಿ ತಂದು, ಆ ಅಂಗಾಂಶವನ್ನು ಇನ್ನೊಂದರ ಹೊಟ್ಟೆಗೆ ಹಾಕುತ್ತಾರೆ. ಮಿತಿ ಇದ್ದೇ ಇದೆ.

ಆದರೂ ಇಲಿಯಿಂದ ಸಿಕ್ಕ ಒಂದು ಸಂಗತಿ ದೊಡ್ಡದು. 2021ರ ಅಧ್ಯಯನದಲ್ಲಿ, ಒಳಪದರದ ಜೊತೆಗೇ ಬಂದ ಮ್ಯಾಕ್ರೋಫೇಜ್‌ಗಳು ಗಾಯ ಬೆಳೆಸುತ್ತವೆ, ರಕ್ತದಿಂದ ಬಂದು ಹೊಟ್ಟೆಯ ದ್ರವದಲ್ಲಿ ನೆಲೆಸುವವು ಗಾಯವನ್ನು ತಡೆಯುತ್ತವೆ ಅಂತ ಕಂಡಿತು. ಹೆಸರು ಒಂದೇ, ಕೆಲಸ ತದ್ವಿರುದ್ಧ. ಹಾಗಾಗಿ ಎಲ್ಲ ಮ್ಯಾಕ್ರೋಫೇಜ್‌ಗಳನ್ನೂ ಒರೆಸಿಹಾಕುವ ಔಷಧಿ ಮಾಡಿದರೆ ಕಾಯುವವೂ ಹೋಗುತ್ತವೆ. ಇದನ್ನು ಮನುಷ್ಯರ ಅಂಗಾಂಶದಲ್ಲೂ ಬಿಡಿಸಿ ನೋಡಬೇಕು.

ಕೋತಿಗಳಲ್ಲೂ ಕೆಲಸ ನಡೆದಿದೆ. 2023ರಲ್ಲಿ ಜಪಾನಿನ ಸಂಶೋಧಕರು ಎಂಡೊಮೆಟ್ರಿಯೋಸಿಸ್ ಇರುವ ಕೋತಿಗಳಿಗೆ ಐಎಲ್-8 ತಡೆಯುವ ಆಂಟಿಬಾಡಿ ಕೊಟ್ಟರು. ಗಂಟು ಚಿಕ್ಕದಾಯಿತು, ನಾರುಗಟ್ಟುವುದೂ ಅಂಟಿಕೊಳ್ಳುವುದೂ ತಗ್ಗಿತು. ಕೋತಿಗೆ ಮುಟ್ಟಾಗುತ್ತದೆ, ನಿಮ್ಮ ಆಕ್ಷೇಪ ಅಲ್ಲಿ ನಿಲ್ಲುವುದಿಲ್ಲ.

ನೇರಮಾತು
ಕೋತಿಗೆ ‘ಎಷ್ಟು ನೋವಿದೆ’ ಅಂತ ಕೇಳಲು ಆಗುತ್ತದೆಯೇ? ಗಂಟಿನ ಗಾತ್ರ ನೋವು ಹೇಳುವುದಿಲ್ಲ ಅಂತ ನೀವೇ ಮೇಲೆ ಬರೆದಿದ್ದೀರಿ.

ಲ್ಯಾಬ್‌ಕಿಟಕಿ
ಸರಿಯಾದ ಮಾತು. ಹೆಂಗಸರನ್ನೇ ಕೇಳಿ, ನೋವಿನ ಲೆಕ್ಕ ಇಟ್ಟು ಮಾಡಿದ ಪ್ರಯೋಗ ಗೆದ್ದರೆ ಮಾತ್ರ ಅದು ಔಷಧಿ.

ಗೂಡುಹಕ್ಕಿ
ಎಲ್ಲ ಓದಿದೆ. ಚಿಕ್ಕಮ್ಮನಿಗೂ ಓದಿಸಿದೆ, ಪುಡಿ ವಿಷಯ ಸದ್ಯಕ್ಕೆ ನಿಂತಿದೆ. ಮುಂದಿನ ವಾರ ಫಾಲೋಅಪ್ ಇದೆ. ಇಮ್ಯೂನ್ ಕೋಶಗಳ ಪರೀಕ್ಷೆ ಏನಾದರೂ ಕೇಳಬೇಕೇ ಡಾಕ್ಟ್ರೇ?

ಸ್ಟೆತಸ್ಕೋಪ್
ಬೇಡ. ರಕ್ತದಲ್ಲಿ ಇಮ್ಯೂನ್ ಕೋಶ ಎಣಿಸಿ ಚಿಕಿತ್ಸೆ ಬದಲಿಸುವ ಪದ್ಧತಿ ಇಲ್ಲ. ರಕ್ತದಲ್ಲಿ ಸಿಎ-125 ಎಂಬ ಪ್ರೋಟೀನ್ ನೋಡಿ ಈ ಕಾಯಿಲೆ ಇದೆ, ಇಲ್ಲ ಅನ್ನುವುದನ್ನೂ ಎಶ್ರೆ ಒಪ್ಪುವುದಿಲ್ಲ. ಬೇಗ ಮಗು ಬೇಕೇ ಬೇಡವೇ ಎಂಬುದನ್ನು ಮೊದಲು ಹೇಳಿ, ಯಾಕೆಂದರೆ ಡೈನೊಜೆಸ್ಟ್ ನಡೆಯುವಾಗ ಗರ್ಭ ಧರಿಸಲು ಪ್ರಯತ್ನಿಸುವ ಹಾಗಿಲ್ಲ. ಈಗ ಬೇಡ ಅಂದರೆ ಮಾತ್ರೆ ಎಷ್ಟು ಕಾಲ ಅಂತ ಕೇಳಿ. ಸಿಸ್ಟ್ ತೆಗೆದ ಮೇಲೆ ಹಾರ್ಮೋನ್ ಮುಂದುವರಿಸಿದರೆ ಅದು ಮರಳುವುದು ಕಡಿಮೆ. ಮಧ್ಯೆ ಮಧ್ಯೆ ರಕ್ತ ಕಾಣಿಸುವುದು, ಮನಸ್ಸು ಕುಗ್ಗುವುದು ಇದ್ದರೆ ಬರೆದಿಟ್ಟುಕೊಂಡು ಹೋಗಿ.

ಮಿಂಚುಳ್ಳಿ
ಮನಸ್ಸು ಕುಗ್ಗುವುದೂ ಮಾತ್ರೆಯಿಂದ ಆಗುತ್ತದೆಯೇ? ನನಗೆ ಶುರು ಮಾಡಿದಾಗಿನಿಂದ ಹಾಗೇ ಇದೆ, ಯಾರಿಗೂ ಹೇಳಿರಲಿಲ್ಲ.

ಸ್ಟೆತಸ್ಕೋಪ್
ಕೆಲವರಿಗೆ ಆಗುತ್ತದೆ. ನಿಮ್ಮ ವೈದ್ಯರಿಗೆ ಇವತ್ತೇ ಫೋನ್ ಮಾಡಿ ಹೇಳಿ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಬದಲಿ ಔಷಧಿಗಳಿವೆ.